ಅವ್ವನ ಮಡಿ ನೀರು

ಐವತ್ತರ ದಶಕದ ಕೊನೆಯಲ್ಲಿ ಸವಣೂರಿನಲ್ಲಿ ಹಿತ್ತಲಲ್ಲಿ ಈಜುಕೊಳ ಕಟ್ಟಿಸಿದ ಮನೆ ನಮ್ಮದೊಂದೇ ಇದ್ದೀತು. ಕಟ್ಟಿಸಿದ ಅಪ್ಪ ಅದರಲ್ಲಿ ಒಂದು ಸಲವೂ ಕಾಲಿಡಲಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ.

ಇದಕ್ಕೆಲ್ಲ ಕಾರಣ ನಾನು. ಅಣ್ಣಂದಿರು ಬೆನ್ನಿಗೆ ಸೋರೆಬುರುಡೆ ಕಟ್ಟಿಕೊಂಡು ಊರ ಕೆರೆಗೆ ಹಾರುತ್ತಿದ್ದರು. ನನಗೆ ದಂಡೆಯಲ್ಲಿ ಕೂತು ಅವರ ಅಂಗಿ ಕಾಯುವ ಕೆಲಸ. ನನಗೂ ಈಜು ಕಲಿಸಿ ಎಂದು ಹಟ ಹಿಡಿದು ಊಟ ಬಿಟ್ಟೆ. ವಕೀಲರಾಗಿದ್ದ ಅಪ್ಪ ಆಗಷ್ಟೇ ಪುಣೆಯಲ್ಲಿ ಯಾರದೋ ಬಂಗಲೆಯ ಈಜುಕೊಳ ನೋಡಿ ಬಂದಿದ್ದರು. "ಹುಡುಗಿ ಕೆರಿಗೆ ಹೋಗೂದು ಬ್ಯಾಡ. ಕೆರೀನ ಮನಿಗೆ ತರಸೋಣ" ಎಂದು ತೀರ್ಪು ಕೊಟ್ಟರು. ಕೋರ್ಟಿನಲ್ಲಿ ತೀರ್ಪು ಕೊಡುವ ಭಾಗ್ಯ ಅವರಿಗಿರಲಿಲ್ಲ. ಹೀಗಾಗಿ ಮನೆಯಲ್ಲಿ ಧಾರಾಳವಾಗಿ ಕೊಡುತ್ತಿದ್ದರು.

ಹಿತ್ತಲಲ್ಲಿ ಅಗೆತ ಶುರುವಾಯಿತು. ಅವ್ವನ ಅವರೆ ಚಪ್ಪರ ಹೋಯಿತು. ಕಲ್ಲು ಹೇರಿದ ಚಕ್ಕಡಿ ಒಳಗೆ ಬರಲೆಂದು ಬಂಕಾಪುರದ ಗೌಂಡಿ ಹಿತ್ತಲಗೋಡೆಯನ್ನೇ ಒಡೆದ. ಆ ದಾರಿಯಲ್ಲಿ ಚಕ್ಕಡಿಗಿಂತ ಮೊದಲು ಬಂದದ್ದು ಓಣಿಯ ಎಮ್ಮೆಗಳು. ದಾಸವಾಳವನ್ನು ಬುಡಸಮೇತ ಮೇಯ್ದು, ತುಳಸಿಕಟ್ಟೆಗೆ ಮೈ ತಿಕ್ಕಿ ಹೋದವು. ಅಗೆದ ಮಣ್ಣು ಅಡುಗೆಮನೆಯ ಹೊಸ್ತಿಲಿಗೆ ಬಂದು ನಿಂತಿತು.

ಕೊಳದ ಕೆಲಸ ಅಪ್ಪನದು, ಹಿತ್ತಲ ರಿಪೇರಿ ಅವ್ವನದು. ಮಣ್ಣು ಹರವಿಸಿ ಮೆಂತ್ಯ ಬಿತ್ತಿದಳು, ತುಳಸಿಕಟ್ಟೆ ಸರಿಮಾಡಿಸಿದಳು. ಒಡೆದ ಗೋಡೆ ಮತ್ತೆ ಏಳುವಾಗ ಬಾಗಿಲ ಮರೆಯಲ್ಲಿ ನಿಂತು, "ಇನ್ನಷ್ಟು ಎತ್ತರ ಆಗಲಿ, ಎಮ್ಮಿ ಬರ್ತಾವ" ಎಂದಳು.

"ಈಗ ಆಳೆತ್ತರ ಐತ್ರಿ ಅವ್ವಾರ. ಎಮ್ಮಿ ಹಾರ್ತಾವೇನ್ರಿ?" ಎಂದ ಗೌಂಡಿ.

"ಈ ಓಣಿ ಎಮ್ಮಿ ನಂಬಲಿಕ್ಕೆ ಬರೂದಿಲ್ಲ."

ಕೊಳ ಒಂದು ಕಡೆಯಾದರೂ ಆಳವಿರಲಿ ಎಂದೂ ಹೇಳಿದಳು. "ಕೊಡ ಮುಳುಗಬೇಕಲ್ಲ." ಅಪ್ಪ ನಕ್ಕು ಒಪ್ಪಿದರು. ಅವ್ವನ ತವರು ಹಿರೇಕೆರೂರು ಕಡೆಯ ಮಾಸೂರು, ಮದಗದ ಕೆರೆಯ ಪಕ್ಕದ ಹಳ್ಳಿ. ಅಲ್ಲಿ ನೀರು ಹೊತ್ತು ಬೆಳೆದವಳಿಗೆ ನೀರೆಂದರೆ ಕೊಡ ಅಷ್ಟೇ ಎಂದು ಅವರ ತಿಳಿವಳಿಕೆ. ನನ್ನದೂ ಅದೇ ಆಗಿತ್ತು.

ನೀರು ತುಂಬಿದ ದಿನ ಗಂಗಾಪೂಜೆ. ಅಣ್ಣಂದಿರು ಚಡ್ಡಿ ಬಿಗಿದು ಸಾಲಾಗಿ ನಿಂತಿದ್ದರು, ಅವರ ಹಿಂದೆ ನಾನು. ಅವ್ವ ನೀರಿಗೆ ಅರಿಷಿಣ ಕುಂಕುಮ ಏರಿಸಿ ಒದ್ದೆ ಸೀರೆಯಲ್ಲಿ ಎದ್ದು ನಿಂತಳು. "ಇನ್ನ ಮ್ಯಾಲೆ ಇದು ಮಡಿ ನೀರು. ಮಡಿಯೊಳಗ ಇಲ್ಲದವರು ಯಾರೂ ಮುಟ್ಟಬ್ಯಾಡ್ರಿ."

ನಮ್ಮ ಮನೆಯಲ್ಲಿ ಮಡಿಯ ಮೇಲೆ ಅಪೀಲಿಲ್ಲ. ಮಡಿಯಲ್ಲಿದ್ದ ಅವ್ವನ ಹತ್ತಿರ ಸುಳಿಯುವಂತಿಲ್ಲ. ಯಾರಾದರೂ ಮುಟ್ಟಿದರೆ ಅವಳು ಮತ್ತೆ ಮೀಯಬೇಕು, ಅಡುಗೆ ತಡವಾಗಬೇಕು, ಅಪ್ಪ ಉಪವಾಸ ಕೋರ್ಟಿಗೆ ಹೋಗಬೇಕು. ಅಪ್ಪ ವಾದವನ್ನೇ ಹೂಡಲಿಲ್ಲ. ಅಣ್ಣಂದಿರು ಕೆರೆಗೆ ಮರಳಿದರು. ನಾನೆಲ್ಲಿಗೆ ಹೋಗಲಿ? ನನಗಾಗಿ ಕಟ್ಟಿದ ಕೊಳ ಅವ್ವನ ದೊಡ್ಡ ಹಂಡೆಯಾಗಿತ್ತು. ಅವಳ ಜೊತೆ ಮಾತು ಬಿಟ್ಟೆ.

ಒಂದು ಮುಂಜಾನೆ ಅವ್ವ ಕರೆದಳು. "ಸ್ನಾನ ಮಾಡಿ ಮಡಿ ಉಟಗೊಂಡು ಬಾ. ಕೊಡ ಹಿಡೀಲಿಕ್ಕೆ ಬೇಕು."

ಮುಖ ಗಂಟಿಕ್ಕಿಕೊಂಡೇ ಹೋದೆ. ಅವ್ವ ಹಿತ್ತಲ ಬಾಗಿಲಿಗೆ ಚಿಲಕ ಹಾಕಿದಳು. ಸೀರೆಯ ಕಚ್ಚೆ ಬಿಗಿದಳು. ಮೆಟ್ಟಿಲ ಕಡೆ ಹೋಗದೆ, ಆಳದ ಕಡೆಯಿಂದ ದುಡುಮ್ಮನೆ ಹಾರಿದಳು.

ನಾನು ಕಿರುಚುವಷ್ಟರಲ್ಲಿ ಆಚೆ ಬದಿಯಲ್ಲಿ ಎದ್ದಳು. ಮೂಗುಬೊಟ್ಟಿನಿಂದ ನೀರು ಇಳಿಯುತ್ತಿತ್ತು. ಅಷ್ಟು ಖುಷಿಯಾಗಿದ್ದ ಅವ್ವನನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ.

"ಮದಗದ ಕೆರಿಯೊಳಗ ನಮ್ಮೂರ ಹುಡುಗರನ್ನೆಲ್ಲಾ ಹಿಂದ ಹಾಕ್ತಿದ್ದೆ," ಎಂದಳು. "ಲಗ್ನ ಆದಮ್ಯಾಲೆ ಈಜು ಬರ್ತದೇನಂತ ಯಾರೂ ಕೇಳಲಿಲ್ಲ." ದಂಡೆಯ ಮೇಲಿದ್ದ ಖಾಲಿ ಕೊಡವನ್ನು ಬೋರಲು ಮಾಡಿ ನನ್ನತ್ತ ತೇಲಿಬಿಟ್ಟಳು. "ಮೆಟ್ಟಿಲಿಳಿದು ಬಂದು ಹಿಡಕೋ. ಕಾಲು ಬಡಿ."

"ಮತ್ತ ಅಡಿಗಿಗೆ ನೀರು?"

"ಬಾವಿ ಅದ ಅಲ್ಲ."

ಆ ಹೊತ್ತಿಗೆ ಪಡಸಾಲೆಯಲ್ಲಿ ಹಾನಗಲ್ಲು, ಶಿಗ್ಗಾಂವಿಯ ಕಕ್ಷಿದಾರರು ಅಪ್ಪನ ಮುಂದೆ ಕೂತಿರುತ್ತಿದ್ದರು. ಒಂದು ದಿನ ಹಿತ್ತಲ ಸದ್ದು ಕೇಳಿ ಅವರಲ್ಲೊಬ್ಬರು, "ಅದೇನ್ರಿ ವಕೀಲರ, ದಬಾದಬಾ ಸಪ್ಪಳ?" ಎಂದರಂತೆ.

ಅಪ್ಪ ನಿಟ್ಟುಸಿರು ಬಿಟ್ಟರಂತೆ. "ಮಗಳು ಈಜು ಕಲೀಲಿ ಅಂತ ಕಟ್ಟಿಸಿದ್ದೆ. ನಮ್ಮ ಮನ್ಯಾಗ ಮಡಿ ಭಾಳ ನೋಡ್ರಿ. ತಾಯಿ ಮಗಳು ಕೂಡಿ ಕೊಡ ತುಂಬಲಿಕ್ಕೆ ಹತ್ಯಾರ."