ಸಂಚಕಾರ ಕೊಟ್ಟ ಬೋಟು

೨೦೦೬ರ ಜುಲೈ. ನಾನು ಆಗ ಗೋವಾದ ವಾಸ್ಕೋದಲ್ಲಿ ಮರೀನ್ ಸರ್ವೇಯರ್ ಆಗಿದ್ದೆ. ಅಂದರೆ ಬಾರ್ಜು, ಟಗ್ಗು, ಮೀನುಗಾರಿಕೆ ಬೋಟುಗಳನ್ನು ತಪಾಸಣೆ ಮಾಡಿ, ಅವುಗಳ ಸ್ಥಿತಿ ಏನು, ಬೆಲೆ ಎಷ್ಟು ಎಂದು ಬ್ಯಾಂಕಿಗೋ ವಿಮಾ ಕಂಪನಿಗೋ ಬರೆದು ಕೊಡುವವನು. ಧಾರವಾಡದ ಕೆಲಗೇರಿ ಕೆರೆಗಿಂತ ದೊಡ್ಡ ನೀರನ್ನು ಬಹಳ ವರ್ಷ ಕಾಣದಿದ್ದ ನಾನು ಈ ಕೆಲಸಕ್ಕೆ ಬಂದು ಬಿದ್ದದ್ದು ಬೇರೆಯೇ ಕಥೆ, ಅದು ಇಲ್ಲಿ ಬೇಡ.

ನನ್ನ ಮುಖ್ಯ ಸಾಮಾನು ಒಂದು ಸಣ್ಣ ಸುತ್ತಿಗೆ. ಮರದ ಹಲಗೆಗೆ ಅದರಿಂದ ಬಡಿದರೆ ಗಟ್ಟಿಯಾದದ್ದು ಠಣ್ಣೆನ್ನುತ್ತದೆ, ಒಳಗೆ ಕೊಳೆತದ್ದು ದಬ್ಬೆನ್ನುತ್ತದೆ. ಒಂದು ಕಡೆ ಸುಮ್ಮನೆ ಕೂರುವ ಸ್ವಭಾವ ನನ್ನದಲ್ಲವಾದ್ದರಿಂದ ಈ ಬಡಿಯುವ ಚಟ ಮನೆಗೂ ಬಂದಿತ್ತು. ಕಪಾಟು, ಬಾಗಿಲು, ಕಲ್ಲಂಗಡಿ, ಏನು ಸಿಕ್ಕರೂ ಬೆರಳಿನಿಂದ ಬಡಿದು ಕಿವಿಗೊಡುತ್ತಿದ್ದೆ. ಮಗಳನ್ನು ನೋಡಲು ಬೀಗರು ಬರುವ ದಿನ ಅವರ ಬೆನ್ನು ಬಡಿದು ನೋಡಬೇಡಿ ಎಂದು ಹೆಂಡತಿ ಮುಂಚೆಯೇ ತಾಕೀತು ಮಾಡಿದ್ದಳು.

ಹಳೆಯ ಬೋಟಿನ ಮರುಮಾರಾಟ ಬೆಲೆ ಕಾರಿನ ಬೆಲೆಯಂತೆ ವರ್ಷ ನೋಡಿ ಇಳಿಯುವುದಿಲ್ಲ. ಹಲ್, ಅಂದರೆ ಬೋಟಿನ ಒಡಲು, ಎಂಜಿನ್, ಬಲೆ ಎಳೆಯುವ ವಿಂಚು ಮತ್ತಿತರ ಸಾಮಾನು, ಇವುಗಳ ಜೊತೆಗೆ ಪರವಾನಗಿ. ಹೊಸ ಟ್ರಾಲರಿಗೆ, ಅಂದರೆ ಬಲೆ ಎಳೆದು ಮೀನು ಹಿಡಿಯುವ ಬೋಟಿಗೆ, ಪರವಾನಗಿ ಸಿಗುವುದು ಕಷ್ಟವಾಗಿದ್ದ ಕಾಲ ಅದು. ಹಾಗಾಗಿ ಎಂಥ ಹಳೆಯ ಬೋಟಿಗೂ ಗಿರಾಕಿ ಇರುತ್ತಿದ್ದರು. ಬಣ್ಣ ಬಳಿದು ನಿಲ್ಲಿಸಿದರೆ ನೋಡಲು ಬರುವವರಿಗೆ ಬರವಿರಲಿಲ್ಲ.

ಒಂದು ಮಧ್ಯಾಹ್ನ ಸಹಕಾರಿ ಬ್ಯಾಂಕೊಂದರ ಮ್ಯಾನೇಜರರು ಫೋನ್ ಮಾಡಿದರು. ಅವರು ಕುಂದಾಪುರ ಕಡೆಯವರು. ಮಲ್ಲಪ್ಪ ಎಂಬವನು ಒಂದು ಹಳೆಯ ಟ್ರಾಲರ್ ಕೊಳ್ಳಲು ಸಾಲ ಕೇಳಿದ್ದಾನೆ, ಬೋಟನ್ನು ನೀರಿನಿಂದ ಮೇಲೆ ಎಳೆಸಿ ಪೂರ್ತಿ ಸರ್ವೆ ಮಾಡಬೇಕು ಎಂದರು. ನನಗೆ ಆಶ್ಚರ್ಯವಾಯಿತು. ಇಂಥ ಸಾಲಕ್ಕೆ ಬೋಟು ತೇಲುತ್ತಿರುವಾಗಲೇ ಹತ್ತಿ ಇಳಿದು, ಎಂಜಿನ್ ಚಾಲೂ ಮಾಡಿಸಿ, ನಾಲ್ಕು ಫೋಟೋ ತೆಗೆದು ಬರೆದು ಕೊಡುವುದು ರೂಢಿ. ಇದಕ್ಕೇಕೆ ಪೂರ್ತಿ ಸರ್ವೆ ಎಂದು ಕೇಳಿದೆ.

"ಅವನೇ ಬಾಯಿಬಿಟ್ಟು ಹೇಳಿದ ಮಾರಾಯ್ರೆ, ಬೋಟಿಗೆ ಸಂಚಕಾರ ಆಗಿದೆ ಅಂತ" ಎಂದರು ಮ್ಯಾನೇಜರರು.

ನಾನು ನಕ್ಕುಬಿಟ್ಟೆ. ಅವರ ಕಡೆ ಸಂಚಕಾರವೆಂದರೆ ಜೀವಕ್ಕೆ ಬರುವ ಕುತ್ತು. ನಮ್ಮ ಕಡೆ ಎತ್ತೋ ಹೊಲವೋ ಕೊಳ್ಳುವಾಗ ಮಾತು ಗಟ್ಟಿಮಾಡಲು ಮುಂಗಡ ಕೊಡುತ್ತೇವಲ್ಲ, ಅದಕ್ಕೆ ಸಂಚಕಾರ ಎನ್ನುತ್ತೇವೆ. ಬಾದಾಮಿ ಕಡೆಯ ಮಲ್ಲಪ್ಪ ಹೇಳಿದ್ದು, ಮುಂಗಡ ಕೊಟ್ಟಾಗಿದೆ, ಸಾಲ ಬೇಗ ಮಾಡಿ ಎಂದು. ಇದನ್ನು ಮ್ಯಾನೇಜರರಿಗೆ ವಿವರಿಸಿದೆ. ಅವರು, ಪೂರ್ತಿ ಸರ್ವೆ ಎಂದು ಹೆಡ್ ಆಫೀಸಿಗೆ ಹೇಳಿಯಾಗಿದೆ, ಈಗ ನನಗೆ ಕನ್ನಡ ತಿಳಿಯಲಿಲ್ಲ ಎಂದು ಹೇಗೆ ಹೇಳಲಿ, ನೀವು ಮಾಡಿಯೇ ಬಿಡಿ ಎಂದರು.

ಮಲ್ಲಪ್ಪನನ್ನು ನಾನು ಬೋಟುಗಳು ಬಂದು ನಿಲ್ಲುವ ಜೆಟ್ಟಿಯಲ್ಲಿ ಕಂಡಿದ್ದೆ. ಬಂದರಿನಲ್ಲಿ ಮೂಟೆ ಹೊರಲು ಬಂದವನು, ಮೀನಿನ ಬುಟ್ಟಿ ಹೊತ್ತು, ಬೋಟಿನ ಖಲಾಸಿಯಾಗಿ, ಕೊನೆಗೆ ತಾಂಡೇಲನಾಗಿದ್ದ. ಬೋಟು ನಡೆಸುವ ಮುಖ್ಯಸ್ಥನಿಗೆ ಅಲ್ಲಿ ತಾಂಡೇಲ ಎನ್ನುತ್ತಾರೆ. ಬೇರೆಯವರ ಬೋಟು ನಡೆಸಿ ನಡೆಸಿ ಅವನಿಗೆ ಸಾಕಾಗಿತ್ತು. ಆಗಸ್ಟಿನಲ್ಲಿ ಮಳೆಗಾಲದ ಮೀನುಗಾರಿಕೆ ನಿಷೇಧ ಮುಗಿದು ಸೀಜನ್ ಶುರುವಾಗುವಾಗ ತನ್ನದೇ ಬೋಟಿನಲ್ಲಿ ಹೊರಡಬೇಕು ಎಂಬುದೊಂದೇ ಅವನ ತಲೆಯಲ್ಲಿತ್ತು. ಹೆಂಡತಿ ಶಾಂತವ್ವನ ತಮ್ಮನನ್ನೂ ಊರಿನ ಕೆಲವರನ್ನೂ ಕೆಲಸಕ್ಕೆ ಗೊತ್ತು ಮಾಡಿಯಾಗಿತ್ತು. ಜೆಟ್ಟಿಯ ಜನ ಆಗಲೇ ಅವನನ್ನು ಮಾಲೀಕ್ ಎಂದು ಕರೆದು ಕಾಡುತ್ತಿದ್ದರು, ಅವನು ಬೈಯುತ್ತಲೇ ಒಳಗೊಳಗೆ ಹಿಗ್ಗುತ್ತಿದ್ದ.

ಬೋಟಿನ ಹೆಸರು ಸಾಂತ್ ಆಂತೋನ್. ಮಾಲೀಕ ಇನಾಸ್ ಬಾಬ್, ವಾಸ್ಕೋದವರೇ, ವಯಸ್ಸಾಗಿತ್ತು. ಮಲ್ಲಪ್ಪ ಅವರಿಗೆ ಕೊಟ್ಟ ಸಂಚಕಾರವೂ ನಮ್ಮ ಪದ್ಧತಿಯದೇ: ವೀಳ್ಯದೆಲೆ, ಅಡಿಕೆ, ಅರಿಷಿಣ ಹಚ್ಚಿದ ನೋಟು. ಇನಾಸ್ ಬಾಬ್ ಅದನ್ನು ಹಾಗೆಯೇ ಒಂದು ಪೊಟ್ಟಣ ಕಟ್ಟಿ ಕ್ಯಾಬಿನ್ನಿನಲ್ಲಿದ್ದ ಸಂತರ ಪಟದ ಹಿಂದೆ ಸಿಕ್ಕಿಸಿಟ್ಟಿದ್ದರು. ಮಾತಾದ ಬೆಲೆ ಒಂಬತ್ತು ಲಕ್ಷ. ಬೋಟಿಗೆ ಹೊರಗಿನಿಂದ ಫೈಬರಿನ ಹೊದಿಕೆ ಹಾಕಿಸಿದ್ದರು, ಅದರ ಮೇಲೆ ನೀಲಿ ಬಣ್ಣ ಮಿರಿಮಿರಿ ಮಿಂಚುತ್ತಿತ್ತು. ತೇಲುವಾಗ ನೋಡಿದ್ದರೆ ನಾನೂ ಎಂಟು, ಎಂಟೂವರೆ ಎಂದು ಬರೆದು ಮನೆಗೆ ಹೋಗುತ್ತಿದ್ದೆ.

ಮೇಲೆ ಎಳೆಸಬೇಕು ಎಂದು ಕೇಳಿ ಮಲ್ಲಪ್ಪ ಸಿಡಿದೆದ್ದ. ಒಂದು ಮಾತು ತಿಳಿಯದ್ದಕ್ಕೆ ಇಷ್ಟು ದೊಡ್ಡ ರಾದ್ಧಾಂತವೇ ಎಂಬುದು ಅವನ ಸಿಟ್ಟು, ಅದು ನ್ಯಾಯವೂ ಆಗಿತ್ತು. ಝುವಾರಿ ನದಿಯ ಒಳಗಿನ ಬೋಟ್ ಯಾರ್ಡಿನಲ್ಲಿ ಸರದಿ ಸಿಗಲಿಲ್ಲ. ಸಿಕ್ಕಿದ ದಿನ ಭರತದ ನೀರು ಸಾಲಲಿಲ್ಲ. ಆಮೇಲೆ ಬೋಟನ್ನು ಮೇಲೆಳೆಯುವ ಯಾರ್ಡಿನ ವಿಂಚಿನ ತಂತಿ ಕೈಕೊಟ್ಟಿತು. ಅಷ್ಟರಲ್ಲಿ ಕಾರವಾರದಿಂದ ಇನ್ನೊಬ್ಬ ಗಿರಾಕಿ ಬಂದು ಬೋಟು ನೋಡಿ ಹೋದನೆಂಬ ಸುದ್ದಿ. ಮಲ್ಲಪ್ಪ ಯಾರ್ಡಿಗೂ ಬ್ಯಾಂಕಿಗೂ ನಮ್ಮ ಮನೆಗೂ ತಿರುಗಿದ್ದೇ ತಿರುಗಿದ್ದು. ಮಳೆಯಲ್ಲಿ ಗೇಟಿನ ಹತ್ತಿರ ನಿಂತು, ಒಳಗೆ ಬಾ ಎಂದರೂ ಬರದೆ, ನಾಳಿ ಆಕ್ಕೈತೇನ್ರಿ ಎಂದಷ್ಟೇ ಕೇಳಿ ಹೋಗುತ್ತಿದ್ದ. ಅವನ ಚಡಪಡಿಕೆ ನನಗೂ ಅಂಟಿಕೊಂಡಿತು. ನಾನು ಊಟದ ತಟ್ಟೆ ಬಡಿಯತೊಡಗಿದಾಗ ಹೆಂಡತಿ ತಟ್ಟೆಯನ್ನೇ ಎತ್ತಿಟ್ಟಳು.

ಕಡೆಗೂ ಬೋಟು ಮೇಲೆ ಬಂತು. ಹೊರಗೆ ಬಡಿದರೆ ಫೈಬರಿನ ಹೊದಿಕೆ ಎಲ್ಲ ಕಡೆ ಒಂದೇ ಸಪ್ಪೆ ಸದ್ದು ಕೊಟ್ಟಿತು, ಅದರಿಂದ ಏನೂ ತಿಳಿಯುವಂತಿರಲಿಲ್ಲ. ಒಳಗಿಳಿದು, ಮೀನು ತುಂಬುವ ಗೂಡಿನ ಹಲಗೆ ಕೀಳಿಸಿ, ಎಂಜಿನ್ ಕೂತ ದಿಮ್ಮಿಯ ಬುಡಕ್ಕೆ ಟಾರ್ಚ್ ಬಿಟ್ಟೆ. ಜನ ತಿಳಿಯುವಂತೆ ಮರದ ಬೋಟನ್ನು ಕೊಳೆಸುವುದು ಸಮುದ್ರದ ನೀರಲ್ಲ. ಉಪ್ಪು ಮರವನ್ನು ಎಷ್ಟೋ ಕಾಪಾಡುತ್ತದೆ. ಕೊಳೆಸುವುದು ಮಳೆಯ ಸಿಹಿನೀರು. ಡೆಕ್ಕಿನ ಬಿರುಕಿನಿಂದ ಇಳಿದ ಮಳೆನೀರು ವರ್ಷಗಟ್ಟಲೆ ಅಲ್ಲಿ ನಿಂತಿತ್ತು. ಹೊರಗಿನ ಹೊದಿಕೆ ಅದನ್ನು ಆರಲು ಬಿಟ್ಟಿರಲಿಲ್ಲ. ಸುತ್ತಿಗೆ ದಬ್ಬೆಂದಿತು. ಮೊನಚಾದ ಕಬ್ಬಿಣದ ಸಲಾಕೆ ಇಟ್ಟು ಒತ್ತಿದೆ. ಹಬೆಯಾಡುವ ಇಡ್ಲಿಗೆ ಚಮಚ ಇಳಿದ ಹಾಗೆ ಸರಕ್ಕನೆ ಹಿಡಿಯವರೆಗೂ ಹೋಯಿತು. ಅದು ಬೋಟಿನ ಬೆನ್ನೆಲುಬಾದ ಕೀಲ್ ಮರ, ಅದರ ಪಕ್ಕದ ಹಲಗೆಗಳದೂ ಅದೇ ಗತಿ.

ನಾನು ಇನಾಸ್ ಬಾಬರನ್ನು ಒಳಗೆ ಕರೆದು ಸಲಾಕೆ ಅವರ ಕೈಗೇ ಕೊಟ್ಟೆ. ಅವರು ಒಂದು ಕಡೆ ಒತ್ತಿದರು, ಇನ್ನೊಂದು ಕಡೆ ಒತ್ತಿದರು. ಕೊನೆಗೆ "ಕುಸ್ಲಾಂ" ಎಂದರು. ಕೊಂಕಣಿಯಲ್ಲಿ ಹಾಗೆಂದರೆ ಕೊಳೆತಿದೆ ಎಂದು. ಅವರಿಗೆ ಮೊದಲೇ ಗೊತ್ತಿತ್ತೇ ಎಂದು ಅನುಮಾನದಿಂದ ಅವರ ಮುಖವನ್ನೇ ನೋಡುತ್ತಿದ್ದೆ. ಗೊತ್ತಿರಲಿಲ್ಲ. ಹಿಂದಿನ ಸೀಜನ್ ಪೂರ್ತಿ ಅವರ ಮಗ ಅದೇ ಬೋಟಿನಲ್ಲಿ ಸಮುದ್ರಕ್ಕೆ ಹೋಗಿದ್ದ. ಅವರು ಅಲ್ಲೇ ಎಂಜಿನ್ನಿಗೆ ಒರಗಿ ಕುಳಿತರು.

ಹಲಗೆಗಳನ್ನು ಬದಲಿಸಬಹುದಿತ್ತು, ಕೀಲ್ ಬದಲಿಸುವುದೆಂದರೆ ಹೊಸ ಬೋಟು ಕಟ್ಟಿದಂತೆಯೇ. ಎಂಜಿನ್, ವಿಂಚು, ಪರವಾನಗಿಗೆ ಬೆಲೆಯಿತ್ತು. ಒಡಲಿಗೆ ಬೆಲೆ ಸೊನ್ನೆ ಎಂದು ಬರೆಯುವುದಾಗಿ ಅಲ್ಲೇ ಹೇಳಿದೆ. ಹಾಗೆ ಬರೆದರೆ ಬ್ಯಾಂಕು ಸಾಲ ಕೊಡುವುದಿಲ್ಲ ಎಂದು ನನ್ನ ಹಿಂದೆಯೇ ಒಳಗಿಳಿದಿದ್ದ ಮಲ್ಲಪ್ಪನಿಗೆ ಗೊತ್ತಿತ್ತು.

"ಒಂದ ಸೀಜನ್ ನಡದರ ಸಾಕ್ರಿ ಸಾಹೇಬ್ರ. ದುಡದು ಎಲ್ಲಾ ಹೊಸಾದ ಹಾಕಸ್ತೀನಿ. ನಮ್ಮ ಕಡಿಯವ್ರಾಗಿ ಇಷ್ಟ ಬರದು ಕೊಡ್ರಿ."

ಆಗದು ಎಂದೆ. ಇನಾಸ್ ಬಾಬ್ ಎದ್ದು ಹೋಗಿ ಪಟದ ಹಿಂದಿನ ಪೊಟ್ಟಣ ತಂದು ಅವನ ಮುಂದೆ ಹಿಡಿದರು. ಮಲ್ಲಪ್ಪ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ. ಸಂಚಕಾರ ವಾಪಸು ತೆಗೆದುಕೊಂಡರೆ ಮಾತು ಮುರಿದಂತೆ. ಜೆಟ್ಟಿಯ ತುಂಬ ತನ್ನನ್ನು ಮಾಲೀಕ್ ಎಂದ ಬಾಯಿಗಳೇ ನಾಳೆ ಏನೆನ್ನುತ್ತವೆ ಎಂದು ಅವನು ಕೇಳಿದ. ಅವನ ಮೇಲೆ ನನಗೆ ಸಿಟ್ಟೂ ಬಂತು, ಅಯ್ಯೋ ಅನ್ನಿಸಿತು ಕೂಡ. ಎತ್ತು ಕೊಳ್ಳುವಾಗ ಹಲ್ಲು ನೋಡಿ, ನಡೆಸಿ ನೋಡಿ, ಆಮೇಲೆ ಸಂಚಕಾರ ಕೊಡುವ ಮನುಷ್ಯ, ಬೋಟಿನ ನೀಲಿ ಬಣ್ಣ ಕಂಡು ಎಲ್ಲವನ್ನೂ ಮರೆತಿದ್ದ.

ಶಾಂತವ್ವ ಗಂಡನಿಗೆ ಬುತ್ತಿ ತಂದು ಬೋಟಿಗೆ ಒರಗಿಸಿದ್ದ ಏಣಿಯ ಕೆಳಗೆ ಕೊಡೆ ಹಿಡಿದು ನಿಂತಿದ್ದಳು. ಮಾತೆಲ್ಲ ಕೇಳಿಸಿಕೊಂಡಿರಬೇಕು. ನಾನು ಇಳಿದು ಬಂದಾಗ ಅವಳು ಬೆಲೆಯ ಮಾತೇ ಎತ್ತಲಿಲ್ಲ.

"ಸಾಹೇಬ್ರ, ಇದರಾಗ ನಿಮ್ಮ ತಮ್ಮನ್ನ ಕಳಸ್ತಿದ್ರೇನ್ರಿ?"

"ಇಲ್ಲ ತಂಗಿ, ಕಳಸ್ತಿದ್ದಿಲ್ಲ" ಎಂದೆ.

ಅವಳು ಏಣಿಯ ಮೇಲಿದ್ದ ಗಂಡನ ಕಡೆ ತಲೆಯೆತ್ತಿ, "ಇಳೀರಿ, ಮನಿಗಿ ಹೋಗೂಣು" ಎಂದಳು. ಅವನು ಇಳಿದ. ನನ್ನ ಪಕ್ಕದಲ್ಲೇ ಹಾದುಹೋಗುವಾಗ, ಧಾರವಾಡದವರು ಅಂತ ನಂಬಿದ್ದೆ ಎಂದು ಮಾತ್ರ ಹೇಳಿ ಹೋದ. ಆ ಮಾತು ಬಹಳ ದಿನ ನನ್ನನ್ನು ಚುಚ್ಚಿತು.

ಸೀಜನ್ ಶುರುವಾದ ದಿನ ಕೂರಲಾಗದೆ ಜೆಟ್ಟಿಗೆ ಹೋದೆ. ಬೋಟುಗಳು ಒಂದರ ಹಿಂದೊಂದು ಹೊರಟಿದ್ದವು, ಪಟಾಕಿ ಹಾರಿಸುತ್ತಿದ್ದರು. ಮಲ್ಲಪ್ಪ ಬೇರೆಯವರ ಬೋಟಿನ ಚುಕ್ಕಾಣಿ ಹಿಡಿದಿದ್ದ. ನನ್ನನ್ನು ಕಂಡರೂ ಕಾಣದವನಂತೆ ಮುಖ ತಿರುಗಿಸಿದ. ಇನಾಸ್ ಬಾಬ್ ಕಾರವಾರದ ಗಿರಾಕಿಯನ್ನು ತಾವೇ ವಾಪಸು ಕಳಿಸಿ, ಎಂಜಿನ್ ಬಿಚ್ಚಿ ಮಾರಿ, ಒಡಲನ್ನು ಒಡೆಸಿಬಿಟ್ಟರು. ಆ ಸಂಚಕಾರದ ಪೊಟ್ಟಣ ಏನಾಯಿತೆಂದು ಇಬ್ಬರೂ ನನಗೆ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಆಮೇಲೆ ನಾನು ನೂರಾರು ಬೋಟುಗಳಿಗೆ ಬೆಲೆ ಕಟ್ಟಿದೆ. ಪ್ರತಿ ವರದಿಗೆ ಸಹಿ ಹಾಕುವ ಮುಂಚೆ ಶಾಂತವ್ವನ ಪ್ರಶ್ನೆಯನ್ನು ನನಗೆ ನಾನೇ ಕೇಳಿಕೊಂಡೆ. ಕೆಲಸ ಕಲಿಸಿದ ಇನ್ನೊಂದು ಪಾಠವೂ ಇದೆ. ಮಾತು ಕೊಟ್ಟಾದ ಮೇಲೆ ಯಾವ ಗಿರಾಕಿಗೂ ಕೊಳೆತ ಮರ ಕಣ್ಣಿಗೆ ಬೀಳುವುದಿಲ್ಲ. ಸರ್ವೇಯರ್ ಹೋಗಬೇಕಾದದ್ದು ಅದಕ್ಕೂ ಮೊದಲು. ಆದರೆ ಅಷ್ಟು ಬೇಗ ಅವನನ್ನು ಯಾರೂ ಕರೆಯುವುದಿಲ್ಲ.

ಒಬ್ಬನು ಕರೆದ. ೨೦೦೮ರ ಮಳೆಗಾಲದಲ್ಲಿ ಫೋನ್ ಬಂತು. ಹೆಸರು ಹೇಳದಿದ್ದರೂ ದನಿ ಗುರುತು ಸಿಕ್ಕಿತು. ಕಾಣಕೋಣದಲ್ಲಿ ಒಂದು ಸಣ್ಣ ಬೋಟು ಮಾರಾಟಕ್ಕಿದೆ ಎಂದ.

"ಸಂಚಕಾರ ಇನ್ನೂ ಕೊಟ್ಟಿಲ್ರಿ ಸಾಹೇಬ್ರ" ಎಂದ ಮಲ್ಲಪ್ಪ. "ಮೊದಲ ನೀವು ಬಂದು ಬಡದು ನೋಡ್ರಿ."