ಎತ್ತಿ ಕುಡಿದ ನೀರು

“ಒಂದ್ ಗುಟುಕು ನೀರು ಕೊಡವ್ವಾ, ಗಂಟಲು ಒಣಗೈತೆ” ಎಂದು ಪಕ್ಕದ ಸೀಟಿನ ಅಜ್ಜಿ ಕೈ ಚಾಚಿದಾಗ ನಮ್ಮ ಬಸ್ಸು ತ್ಯಾವಣಿಗೆ ದಾಟಿತ್ತು. ಮಡಿಲಲ್ಲಿದ್ದ ನೀರಿನ ಬಾಟಲಿಯನ್ನು ಬಿಗಿಯಾಗಿ ಹಿಡಿದುಕೊಂಡೆ. ಹಿಂದಿನ ಸಲ ಪರೀಕ್ಷೆಗೆ ಹೋದಾಗ ಹೊರಗಿನ ನೀರು ಕುಡಿದು ಕಾಮಾಲೆ ತಂದುಕೊಂಡಿದ್ದೆ. ಈ ಸಲ ದಾವಣಗೆರೆಯಲ್ಲಿ ಸಂಜೆಯವರೆಗೂ ಪರೀಕ್ಷೆ. ಮನೆಯಲ್ಲಿ ಕುದಿಸಿ ಆರಿಸಿ ತುಂಬಿಕೊಂಡ ಆ ಒಂದು ಲೀಟರಿನ ಬಾಟಲಿಯೇ ಗತಿ. ಇಲ್ಲವೆನ್ನಲಾಗದೆ, “ಅಜ್ಜಿ, ಸ್ವಲ್ಪ ಎತ್ತಿ ಕುಡೀರಿ” ಎಂದೆ.

“ಎಂಜಲು ಮಾಡಾಕೆ ನಾನೇನ್ ಕೂಸಾ? ಚೊಂಬಿಗೆ ತುಟಿ ತಾಗ್ಸಿದ್ರೆ ನಮ್ಮತ್ತೆ ಬೆನ್ನಿಗೆ ಬಾರಿಸ್ತಿದ್ಲು!” ಎಂದವರೇ ಬಾಟಲಿಯನ್ನು ಮೊಳದೆತ್ತರಕ್ಕೆ ಎತ್ತಿದರು. ಅದೇ ಹೊತ್ತಿಗೆ ಬಸ್ಸು ಹಂಪ್ ಹಾರಿತು. ನೀರೆಲ್ಲ ನನ್ನ ಮಡಿಲಿಗೆ ಸುರಿಯಿತು. ಅಜ್ಜಿ ಬರಿದಾದ ಬಾಟಲಿಯನ್ನು ಸೆರಗಿನಿಂದ ಒರೆಸಿ ನನ್ನ ಕೈಗಿಟ್ಟು, “ನೋಡ್ಕೋ ತಾಯಿ, ತುಟಿ ತಾಗಿಲ್ಲ” ಎಂದರು. ಬಸ್ಸಿಗೆ ಬಸ್ಸೇ ನಕ್ಕಿತು.

ಇಳಿದ ಮೇಲೆ ಅವರೇ ಎಳನೀರು ಕೊಡಿಸಿದರು. ಅದರ ಮೇಲೆಯೇ ಪರೀಕ್ಷೆ ಮುಗಿಸಿದೆ, ಕಾಮಾಲೆಯೂ ಬರಲಿಲ್ಲ. ನಾನು ದಿನವೂ ಕುಡಿದ ನೀರಿನ ಲೆಕ್ಕ ಬರೆದಿಡುವವಳು. ಅವತ್ತಿನ ದಿನಚರಿಯಲ್ಲಿ ಬರೆದೆ: ಕುಡಿದದ್ದು ಸೊನ್ನೆ, ಉಟ್ಟದ್ದು ಒಂದು ಲೀಟರ್.