ನಂಬರಿಲ್ಲದ ಅಂಚು

ಕಾರಣವಿಲ್ಲದೆ ಏನೂ ನಡೆಯುವುದಿಲ್ಲ ಎಂದು ನಂಬಿಕೊಂಡು ಬಂದವನು ನಾನು. ಯಾರಾದರೂ ತಾವು ಕಂಡ ವಿಚಿತ್ರವನ್ನು ಹೇಳತೊಡಗಿದರೆ, ಅವತ್ತು ಸರಿಯಾಗಿ ನಿದ್ದೆ ಮಾಡಿದ್ದಿರಾ, ಕನ್ನಡಕ ಹಾಕಿಕೊಂಡಿದ್ದಿರಾ ಎಂದು ಕೇಳಿ ಅವರ ಉತ್ಸಾಹವನ್ನೇ ತಗ್ಗಿಸುತ್ತಿದ್ದೆ. ಈಗ ಹಾಗೆ ಕೇಳುವುದಿಲ್ಲ. ಕೆಲವು ವರ್ಷಗಳ ಹಿಂದೆ ನನಗೇ ಒಂದು ಅನುಭವವಾಯಿತು. ಅದು ಕತ್ತಲಲ್ಲಿ ಆದದ್ದಲ್ಲ, ನಡು ಮಧ್ಯಾಹ್ನದ್ದು. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ನಂಬಿ ಎಂದು ಒತ್ತಾಯವಿಲ್ಲ.

ಚಳ್ಳಕೆರೆಯಲ್ಲಿ ಎಣ್ಣೆ ಮಿಲ್ಲೊಂದರ ಗೋದಾಮಿನ ಮೇಲೆ ನಮ್ಮ ಕೋಣೆ. ಕೆಳಗಿನಿಂದ ಶೇಂಗಾ ಹಿಂಡಿಯ ವಾಸನೆ ಬರುತ್ತಿರುತ್ತದೆ. ಹೊಸಬರಿಗೆ ತಲೆನೋವು, ನಮಗೆ ಅದಿಲ್ಲದಿದ್ದರೆ ಏನೋ ಕಳೆದುಕೊಂಡ ಹಾಗೆ. ಮೊಳಕಾಲ್ಮುರಿನ ರೇಷ್ಮೆ ಮಗ್ಗಗಳಿಗೆ ಕಂಪ್ಯೂಟರಿನಲ್ಲಿ ಡಿಸೈನ್ ಮಾಡಿ ಕೊಡುವುದು ನಮ್ಮ ಕೆಲಸ. ಹಿಂದೆ ರಟ್ಟಿನ ಕಾರ್ಡುಗಳಿಗೆ ತೂತು ಹೊಡೆದು ಮಗ್ಗದ ಮೇಲೆ ತೂಗುಬಿಡುತ್ತಿದ್ದರು. ಈಗ ಆ ಜಾಗದಲ್ಲಿ ಒಂದು ಡಬ್ಬಿ ಕೂತಿದೆ. ಬೆಳಿಗ್ಗೆ ಸ್ವಿಚ್ ಹಾಕಿದ ಕೂಡಲೇ ಆ ಡಬ್ಬಿ ನಮ್ಮ ಕಂಪ್ಯೂಟರನ್ನು ಕೇಳುತ್ತದೆ: ಇಂಥ ಸೀರೆಯ, ಇಂಥ ನಂಬರಿನ ಪ್ಯಾಕೇಜು ಕೊಡು ಎಂದು. ಒಂದು ಡಿಸೈನಿನ ಪೂರ್ತಿ ಕಡತಕ್ಕೆ ನಾವು ಪ್ಯಾಕೇಜು ಎನ್ನುತ್ತೇವೆ. ಸೀರೆಯ ಪ್ಯಾಕೇಜು ತನಗೆ ಬೇಕಾದ ಸೆರಗಿನ, ಅಂಚಿನ ಪ್ಯಾಕೇಜುಗಳನ್ನೂ ಹೀಗೆಯೇ ಹೆಸರು, ನಂಬರು ಹಿಡಿದು ತರಿಸಿಕೊಳ್ಳುತ್ತದೆ. ಹಾಗಾಗಿ ನಮ್ಮಲ್ಲಿ ಒಂದು ಕಟ್ಟುನಿಟ್ಟು ಇತ್ತು. ಒಮ್ಮೆ ನಂಬರು ಕೊಟ್ಟ ಪ್ಯಾಕೇಜನ್ನು ಮತ್ತೆ ಮುಟ್ಟುವಂತಿಲ್ಲ. ಒಂದು ಎಳೆ ಬದಲಾದರೂ ಹೊಸ ನಂಬರೇ.

ಪ್ರತಿಯೊಂದು ಪ್ಯಾಕೇಜಿಗೂ ಕಂಪ್ಯೂಟರು ಉದ್ದನೆಯ ಅಕ್ಷರಗಳ ಗುರುತೊಂದನ್ನು ಲೆಕ್ಕ ಹಾಕಿ ಕೊಡುತ್ತದೆ. ಮನುಷ್ಯರ ಬೆರಳಚ್ಚಿನಂತೆ ಅದು ಒಂದರದು ಇನ್ನೊಂದಕ್ಕೆ ಹೊಂದುವುದಿಲ್ಲ. ಆ ಗುರುತಿನ ಕೊನೆಯ ಆರು ಅಕ್ಷರಗಳನ್ನು ನಾನು ನೋಟ್ ಪುಸ್ತಕದಲ್ಲಿ ಕೈಯಾರೆ ಬರೆದಿಡುತ್ತಿದ್ದೆ. ಜೊತೆಗೆ ಅವತ್ತು ಕರೆಂಟ್ ಎಷ್ಟು ಗಂಟೆಗೆ ಹೋಯಿತು, ಎಷ್ಟಕ್ಕೆ ಬಂತು ಎಂಬುದನ್ನೂ. ಜೊತೆಗಿದ್ದ ಮಂಜುಳಾ ಆಡಿಕೊಳ್ಳುತ್ತಿದ್ದಳು. "ಸಾರ್, ಮನೇಲಿ ಹಾಲು ಉಕ್ಕಿದ್ದೂ ಬರೀತೀರೇನು?"

ನಮಗೆ ಡಿಸೈನ್ ಬರೆದು ಕೊಡುತ್ತಿದ್ದವರು ಮೊಳಕಾಲ್ಮುರಿನ ವೀರಭದ್ರಪ್ಪನವರು. ಎಪ್ಪತ್ತು ದಾಟಿದ ನೇಕಾರರು. ಗ್ರಾಫ್ ಹಾಳೆಗಳನ್ನು ಟವಲಿನಲ್ಲಿ ಸುತ್ತಿಕೊಂಡು ಹತ್ತು ಗಂಟೆಯ ಬಸ್ಸಿಗೆ ಬರುವರು. ದಾರಿಯಲ್ಲಿ ಬಿ.ಜಿ. ಕೆರೆಯಲ್ಲಿ ಹತ್ತಿದವರ ಸುದ್ದಿಯನ್ನೆಲ್ಲ ಹೊತ್ತು ತರುವರು. ನಮ್ಮ ನಂಬರಿನ ಪದ್ಧತಿ ಕೇಳಿ ಅವರು ನಕ್ಕುಬಿಟ್ಟಿದ್ದರು.

"ಇದೇನ್ ಹೊಸಾದಲ್ಲ ಬಿಡು ನಾಯನಾ. ಕಾರ್ಡಿನ ಕಟ್ಟಿಗೆ ನಾವು ಗಂಟು ಹಾಕ್ತಿದ್ವಿ. ಮೊದಲನೇದಕ್ಕೆ ಒಂದು, ತಿದ್ದಿದ್ರೆ ಎರಡು."

"ಹಳೇ ಕಟ್ಟು ಏನ್ ಮಾಡ್ತಿದ್ರಿ ಯಜಮಾನ್ರೇ?"

"ಒಲೆಗೆ ಹಾಕಾಕಾಗ್ತೈತಾ? ಆ ಸೀರೆ ಇನ್ನೂ ಮಗ್ಗದ ಮ್ಯಾಲೆ ಐತೆ ಅಂದ್ರೆ, ಸಡಿಲ ಗಂಟು ಹಾಕಿ ಎತ್ತಿಡೋದು. ಬಿಚ್ಚಾಕೆ ಯಾರಾದ್ರೂ ಬರ್ತಾರೆ."

ಅವರು ಕೊನೆಯದಾಗಿ ಬರೆದದ್ದು ಮೊಮ್ಮಗಳ ಧಾರೆ ಸೀರೆ. ಅಂಚಿಗೆ ಒಂದು ಬಳ್ಳಿ. ನಾನು ಪರದೆಯ ಮೇಲೆ ಅದನ್ನು ನೆಟ್ಟಗೆ ಎಳೆದಿದ್ದೆ. "ಗೋಡೆಗೆ ಸುಣ್ಣದ ಗೆರೆ ಎಳೆದಂಗೈತೆ. ಬಳ್ಳಿ ಅಂದ್ರೆ ಗಾಳಿಗೆ ಆಡ್ಬೇಕಪ್ಪ. ಇಲ್ಲಿ ಬಗ್ಗಿಸು. ಏ, ಅಷ್ಟಲ್ಲ, ಮುರಿದೋಗ್ತೈತೆ!" ಎಂದು ಎರಡು ದಿನ ಪಕ್ಕದಲ್ಲಿ ಕೂತು, ಪರದೆಯನ್ನು ಮುಟ್ಟದೆ ದೂರದಿಂದಲೇ ಬೆರಳು ತೋರಿಸುತ್ತ ತಿದ್ದಿಸಿದರು. ಸೀರೆಯ ಉದ್ದಕ್ಕೂ ಬಳ್ಳಿ ಒಂದು ಕಡೆ ಬಾಗಿದಂತೆ ಇನ್ನೊಂದು ಕಡೆ ಬಾಗಿರಲಿಲ್ಲ. ಆ ತಿದ್ದುಪಡಿಗಳು ಯಾವ ಹಾಳೆಯಲ್ಲೂ ಇಲ್ಲ, ಪ್ಯಾಕೇಜಿನಲ್ಲಿ ಮಾತ್ರ. ಅದಕ್ಕೆ 'ಅಂಚು ಮೂರು' ಎಂದು ನಂಬರು ಕೊಟ್ಟೆವು. ಎರಡು ತಿಂಗಳಿಗೆ ಯಜಮಾನರು ತೀರಿಕೊಂಡರು. ಮಂಜುಳಾ ಕೆಲಸಕ್ಕೆ ಸೇರಿದ್ದು ಅದಾದ ಮೇಲೆ.

ತಪ್ಪು ಮಾಡಿದವನು ನಾನೇ. ಆ ಅಂಚನ್ನು ಬಳಸುತ್ತಿದ್ದ ಇನ್ನೊಬ್ಬ ನೇಕಾರ, ಬಳ್ಳಿ ನೆಟ್ಟಗಿದ್ದರೇ ಗಿರಾಕಿಗೆ ಇಷ್ಟ ಎಂದ. ಅದಕ್ಕೆ ನಾಲ್ಕು ಎಂದು ಹೊಸ ನಂಬರು ಕೊಡಬೇಕಿತ್ತು. ಆದರೆ ಅವನ ಏಳು ಸೀರೆಗಳೂ ಮೂರನ್ನೇ ಕೇಳುತ್ತಿದ್ದವು. ಏಳನ್ನೂ ಬದಲಿಸಲು ನನಗೆ ಬೇಸರ. ಯಜಮಾನರ ಸೀರೆಯೂ ಅದೇ ಮೂರನ್ನು ಕೇಳುತ್ತದೆ ಎಂಬುದು ಆ ಗಳಿಗೆಯಲ್ಲಿ ಹೊಳೆಯಲಿಲ್ಲ. ಸೋಮವಾರ ಬೆಳಿಗ್ಗೆ ಹಳೆಯದರ ಮೇಲೇ ಹೊಸದನ್ನು ಹಾಕಿಬಿಟ್ಟೆ. ದಿನವೂ ಸಂಜೆ ಇನ್ನೊಂದು ಡಿಸ್ಕಿಗೆ ಎಲ್ಲವೂ ನಕಲಾಗುತ್ತದೆ. ಅಲ್ಲಿಯೂ ಹಳೆಯದು ಹೋಯಿತು.

ಮರುದಿನ ಮಂಗಳವಾರ. ಲೈನ್ ಕೆಲಸವೆಂದು ಚಳ್ಳಕೆರೆಯಲ್ಲಿ ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ಕರೆಂಟ್ ಇಲ್ಲ. ಕಂಪ್ಯೂಟರು ಆರಿಸಿ, ಬೀಗ ಹಾಕಿ ಮನೆಗೆ ಬಂದೆ. ಹನ್ನೆರಡರ ಹೊತ್ತಿಗೆ ಯಜಮಾನರ ಮಗಳು ಲಕ್ಷ್ಮೀದೇವಿಯ ಫೋನ್. ಯಜಮಾನರು ಬರೆದ ಆ ಧಾರೆ ಸೀರೆಯನ್ನು ಅವಳೇ ನೇಯುತ್ತಿದ್ದಳು. ಬೆಳಿಗ್ಗೆ ಎಂಟಕ್ಕೇ ಡಬ್ಬಿಯ ಸ್ವಿಚ್ ಹಾಕಿದ್ದಳಂತೆ.

"ಅಣ್ಣಾ, ಬಳ್ಳಿ ಯಾಕೋ ಸತ್ತಂಗೈತೆ. ನೀವೊಂದ್ಸಲ ಬರ್ರಿ."

ಅಲ್ಲಿಗೆ ತಲುಪಿದಾಗ ಎರಡೂವರೆ. ಮಗ್ಗದ ಮೇಲೆ ಅರ್ಧ ಸೀರೆ. ಅಲ್ಲಿಯವರೆಗೆ ಬಳುಕಿ ಬಂದ ಬಳ್ಳಿ ಒಂದು ಮೊಳದಿಂದೀಚೆ ಕೋಲಿನ ಹಾಗೆ ನಿಂತುಬಿಟ್ಟಿತ್ತು. ನಾನು ಏನನ್ನೂ ಮುಚ್ಚಿಡಲಿಲ್ಲ. ಕೇಳಿಸಿಕೊಂಡ ಅವಳು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. "ಮದುವೆ ಇನ್ನು ಹದಿನೆಂಟು ದಿನ ಐತೆ. ಬ್ಯಾರೆ ಸೀರೆ ಸಿಗ್ತೈತಣ್ಣ. ಅಪ್ಪ ಇನ್ನೊಂದ್ಸಲ ಬರೀತಾನಾ?" ಎಂದಳು. ಬಳ್ಳಿಯ ಬಾಗಿದ ಭಾಗದ ಮೇಲೆ ಅಂಗೈ ಇಟ್ಟಳು. ನಾನು ಅವಳ ಮುಖ ನೋಡಲಾರದೆ ಗೋಡೆ ಗಡಿಯಾರ ನೋಡಿದೆ. ಎರಡು ನಲವತ್ತು.

ಬುಧವಾರ ಎಂಟಕ್ಕೇ ಮಂಜುಳಾ ಮತ್ತು ನಾನು ಹುಡುಕಲು ಕೂತೆವು. ಪ್ಯಾಕೇಜುಗಳ ಪಟ್ಟಿ ಮೊದಲು ನೋಡಿದ್ದು ಅವಳು. ಅಂಚು ಮೂರು ಒಂದೇ ಇದೆ, ಹೊಸದು, ಎಂದಳು. ಡಿಸ್ಕು, ಹಳೆಯ ಪೆನ್‌ಡ್ರೈವ್, ಕಸದ ಫೋಲ್ಡರು, ಎಲ್ಲೂ ಇಲ್ಲ. ಹನ್ನೊಂದರ ಸುಮಾರಿಗೆ ಕೈಸೋತು ನಾನೇ ಪಟ್ಟಿಯನ್ನು ಮತ್ತೊಮ್ಮೆ ತೆರೆದೆ. ಅಂಚು ಮೂರರ ಕೆಳಗೆ ಇನ್ನೊಂದು ಸಾಲಿತ್ತು. ನಂಬರಿಲ್ಲ. ಇಂಗ್ಲಿಷ್ ಅಕ್ಷರಗಳಲ್ಲಿ 'ಅಂಚು ಸಡಿಲಗಂಟು' ಎಂದಿತ್ತು. ಇಟ್ಟ ಸಮಯ: ಮಂಗಳವಾರ ಮಧ್ಯಾಹ್ನ ಎರಡು ನಲವತ್ತು.

"ಇದ್ಯಾವ್ದು ಸಾರ್? ಬೆಳಿಗ್ಗೆ ಇರ್ಲಿಲ್ಲ. ಸಡಿಲಗಂಟು ಅಂದ್ರೇನು?" ಎಂದಳು ಮಂಜುಳಾ.

ಅದರ ಗುರುತು ತೆಗೆದು ನೋಟ್ ಪುಸ್ತಕದ ಪಕ್ಕ ಹಿಡಿದೆ. ಕೊನೆಯ ಆರು ಅಕ್ಷರಗಳೂ ಹಳೆಯ ಅಂಚು ಮೂರರವೇ. ಎರಡು ಸಲ ನೋಡಿದೆ, ಮಂಜುಳಾಳಿಂದ ಗಟ್ಟಿಯಾಗಿ ಓದಿಸಿದೆ. ಆ ಹೆಸರಿನ ಅಂಚನ್ನೇ ಕೇಳುವಂತೆ ಸೀರೆಗೆ ಹೊಸ ನಂಬರಿನ ಪ್ಯಾಕೇಜು ಮಾಡಿ ಲಕ್ಷ್ಮೀದೇವಿಗೆ ಫೋನ್ ಮಾಡಿದೆ. ಅವಳು ತಪ್ಪಿದ ಮೊಳವನ್ನು ಎಳೆ ಎಳೆಯಾಗಿ ಬಿಚ್ಚಿ ಮುಂದೆ ನೇಯ್ದಳು. ಬಳ್ಳಿ ಮತ್ತೆ ಬಾಗಿತು.

ಕಾರಣ ಹುಡುಕದೆ ಬಿಡುವ ಜಾಯಮಾನ ನನ್ನದಲ್ಲ. ಮಂಜುಳಾಳ ಹತ್ತಿರ ನಕಲೊಂದು ಇದ್ದು, ನನ್ನ ಮರ್ಯಾದೆ ಉಳಿಸಲು ಸದ್ದಿಲ್ಲದೆ ಇಟ್ಟಳೇ? ತನ್ನ ಇಬ್ಬರು ಮಕ್ಕಳ ಮೇಲೆ ಆಣೆ ಇಟ್ಟು ಇಲ್ಲವೆಂದಳು; ಯಜಮಾನರ ಆ 'ಸಡಿಲ ಗಂಟು' ಎಂಬ ಮಾತೂ ಅವಳಿಗೆ ಗೊತ್ತಿರಲಿಲ್ಲ. ಎಂದೋ ನಾನೇ ಇಟ್ಟು ಮರೆತೆನೇ? ಹಾಗಿದ್ದರೆ ಪುಸ್ತಕದಲ್ಲಿ ಬರೆಯದೆ ಬಿಡುವವನಲ್ಲ. ಕಂಪ್ಯೂಟರಿನ ಗಡಿಯಾರ ತಪ್ಪಿತ್ತೇ? ನೋಡಿದೆ, ಸರಿಯಾಗಿತ್ತು. ಬೀಗದ ಕೈ ಇದ್ದದ್ದು ನನ್ನ ಜೇಬಿನಲ್ಲಿ, ಮೊಳಕಾಲ್ಮುರಿನಲ್ಲಿ.

ಮದುವೆಗೆ ಹೋಗಿದ್ದೆ. ಧಾರೆ ಮುಗಿದು ಹುಡುಗಿ ಎದ್ದು ನಿಂತಾಗ ಅಂಚಿನ ಬಳ್ಳಿ ಅವಳ ಕಾಲ ಸುತ್ತ ಆಡುತ್ತಿತ್ತು. ಊಟದ ಮನೆಯ ಬಾಗಿಲಲ್ಲಿ ಲಕ್ಷ್ಮೀದೇವಿ ಸಿಕ್ಕಳು. ಅಲ್ಲಿಯವರೆಗೆ, ಹಳೆಯದು ಸಿಕ್ಕಿತು ಎಂದಷ್ಟೇ ಅವಳಿಗೆ ಹೇಳಿದ್ದೆ. ಅವತ್ತು ತಡೆಯಲಾಗದೆ ಆ ಹೆಸರು, ಆ ಹೊತ್ತು, ಕರೆಂಟಿಲ್ಲದ್ದು, ಎಲ್ಲ ಹೇಳಿದೆ. ಅವಳು ತಲೆ ಅಲ್ಲಾಡಿಸಿದಳು.

"ಅಪ್ಪ ಅಲ್ಲ ಬಿಡಣ್ಣ. ಕಂಪ್ಯೂಟರ್ ಅಂದ್ರೆ ಅವನಿಗೆ ಭಯ. ಮುಟ್ಟಿದ್ರೆ ಕರೆಂಟ್ ಹೊಡಿತೈತೆ ಅಂತ ಹತ್ರನೇ ಹೋಗ್ತಿರ್ಲಿಲ್ಲ."

ಹಾಗೆಂದವಳು ಪಾಯಸದ ಲೋಟ ನನ್ನ ಕೈಗಿತ್ತು ಒಳಗೆ ಹೊರಟಳು. ಎರಡು ಹೆಜ್ಜೆ ಹೋಗಿ ತಿರುಗಿ ನಿಂತಳು.

"ಅಣ್ಣಾ... ಅವತ್ತು ಕರೆಂಟ್ ಇರ್ಲಿಲ್ಲ ಅಂದ್ರಲ್ಲ?"

ನಗಬೇಕೋ ಬೇಡವೋ ತಿಳಿಯದೆ ನಾನು ಲೋಟ ಹಿಡಿದುಕೊಂಡು ನಿಂತೆ. ಈಗಲೂ ಹೆಚ್ಚುಕಡಿಮೆ ಹಾಗೆಯೇ ನಿಂತಿದ್ದೇನೆ.